ಪಾರ್ಟ್ 2 ಗೆಲ್ಲುವುದು ಯಾವಾಗ?

ಪ್ರಶ್ನೆ: ಯಾವ ಸಿನಿಮಾದ 'ಪಾರ್ಟ್ 2' ಬಂದರೂ ನಮ್ಮ ಮನೆಯಲ್ಲಿ ಒಂದೇ ಜಗಳ. ಎರಡನೇ ಭಾಗ ಯಾವತ್ತೂ ಮೊದಲನೆಯದರಷ್ಟು ಚೆನ್ನಾಗಿರುವುದಿಲ್ಲ, ಎಲ್ಲ ದುಡ್ಡಿಗೋಸ್ಕರ ಮಾಡೋದು ಅನ್ನುತ್ತಾನೆ ನನ್ನ ತಮ್ಮ. ನನಗೆ ಕೆ.ಜಿ.ಎಫ್ ಎರಡನೆಯದೇ ಹೆಚ್ಚು ಇಷ್ಟ. ಮೊದಲನೆಯದನ್ನು ಮೀರಿಸಿದ ಸೀಕ್ವೆಲ್‌ಗಳು ನಿಜಕ್ಕೂ ಇವೆಯಾ? ಮೊದಲ ಭಾಗ ನೋಡದೆ ನೇರವಾಗಿ ಎರಡನೆಯದನ್ನು ನೋಡಬಹುದಾ?

ಉತ್ತರ: ಇವೆ. ಜಾಸ್ತಿ ಇಲ್ಲ, ಆದರೆ ಇವೆ. ಹಾಗಂತ ನಿಮ್ಮ ತಮ್ಮನ ಮಾತು ಪೂರ್ತಿ ಸುಳ್ಳೂ ಅಲ್ಲ. ಅವರಿಗೆ ಸಲ್ಲಬೇಕಾದ ಅರ್ಧ ಅಂಕವನ್ನು ಮೊದಲು ಕೊಟ್ಟುಬಿಡುತ್ತೇನೆ.

ಕ್ರಿಕೆಟ್ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬ ಬ್ಯಾಟ್ಸ್‌ಮನ್ ಒಂದು ಪಂದ್ಯದಲ್ಲಿ 150 ಹೊಡೆದ. ಮುಂದಿನ ಪಂದ್ಯದಲ್ಲಿ 40 ಹೊಡೆದ. ಅವನ ಆಟ ಕೆಟ್ಟುಹೋಯಿತಾ? ಇಲ್ಲ. 150 ಬರುವುದೇ ಅಪರೂಪ. ಸಿನಿಮಾ ಕಥೆಯೂ ಇದೇ. ಸಾಧಾರಣವಾಗಿ ಓಡಿದ ಸಿನಿಮಾಕ್ಕೆ ಎರಡನೇ ಭಾಗ ಮಾಡಲು ಯಾರೂ ಬರುವುದಿಲ್ಲ. 150 ಹೊಡೆದ ಸಿನಿಮಾಕ್ಕೆ ಮಾತ್ರ ಬರುತ್ತಾರೆ. ಕಥೆ, ನಟರು, ಹಾಡು, ಬಿಡುಗಡೆಯಾದ ಹೊತ್ತು, ಎಲ್ಲ ಒಟ್ಟಿಗೆ ಕೂಡಿಬಂದ ಸಿನಿಮಾ ಅದು. ಅದೆಲ್ಲ ಇನ್ನೊಮ್ಮೆ ಹಾಗೇ ಕೂಡಿಬರಲಿ ಅಂದರೆ ಹೇಗೆ? ಸೋತ ಸಿನಿಮಾಗಳಿಗೂ ಪಾರ್ಟ್ 2 ಮಾಡುವ ಪದ್ಧತಿ ಇದ್ದಿದ್ದರೆ 'ಎರಡನೆಯದೇ ವಾಸಿ' ಅನ್ನುವ ಮಾತು ವಾರಕ್ಕೊಂದು ಸಲ ಕಿವಿಗೆ ಬೀಳುತ್ತಿತ್ತು.

ದುಡ್ಡಿಗೋಸ್ಕರ ಅನ್ನುವ ಆರೋಪಕ್ಕೆ ನನ್ನ ಉತ್ತರ ಚಿಕ್ಕದು. ಮೊದಲ ಭಾಗವನ್ನೂ ದುಡ್ಡಿಗೋಸ್ಕರವೇ ಮಾಡಿರುತ್ತಾರೆ.

ಇನ್ನು ನಿಮ್ಮ ಕೆ.ಜಿ.ಎಫ್. ಅದನ್ನು ಈ ಜಗಳದಿಂದ ಸ್ವಲ್ಪ ಆಚೆ ಇಡಬೇಕಾಗುತ್ತದೆ. ಅದು ಮುಗಿದ ಕಥೆಯ ಮುಂದುವರಿಕೆ ಅಲ್ಲ. ಒಂದೇ ಕಥೆಯನ್ನು ಎರಡು ತುಂಡು ಮಾಡಿದ್ದು. 2018ರಲ್ಲಿ ಮೊದಲನೆಯದು ಬಂದಾಗಲೇ ಹೆಸರಿನಲ್ಲಿ 'ಚಾಪ್ಟರ್ 1' ಅಂತ ಇತ್ತು. ಬಾಹುಬಲಿಯೂ ಹಾಗೇ. 2015ರಲ್ಲಿ ಕಟ್ಟಪ್ಪ ಕತ್ತಿ ಚುಚ್ಚಿದ, ಯಾಕೆ ಅಂತ ಗೊತ್ತಾಗಿದ್ದು 2017ರಲ್ಲಿ. ಎರಡು ವರ್ಷ ಇಡೀ ದೇಶ ಇಂಟರ್‌ವಲ್‌ನಲ್ಲೇ ಕೂತಿತ್ತು. ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ಇನ್ನೂ ಬೇಗ ಮುಗಿಸಿತು. 'ಸೈಡ್ ಎ' 2023ರ ಸೆಪ್ಟೆಂಬರ್ ಮೊದಲ ವಾರ, 'ಸೈಡ್ ಬಿ' ಅದೇ ನವೆಂಬರ್ ಮಧ್ಯಕ್ಕೆ. ಇಂಥವುಗಳಲ್ಲಿ ಯಾವುದು ಮೇಲು ಅಂತ ಕೇಳುವುದು ಫಸ್ಟ್ ಹಾಫ್ ಚೆನ್ನಾಗಿತ್ತಾ, ಸೆಕೆಂಡ್ ಹಾಫ್ ಚೆನ್ನಾಗಿತ್ತಾ ಅಂತ ಕೇಳಿದ ಹಾಗೆ. ಕೇಳಬಹುದು, ತಪ್ಪಿಲ್ಲ. ಆದರೆ ಅದು ಬೇರೆ ಪ್ರಶ್ನೆ. ಕಾಂತಾರ ಇನ್ನೂ ತಮಾಷೆ. 2022ರಲ್ಲಿ ಬಂದದ್ದಕ್ಕೆ ನಂಬರೇ ಇಲ್ಲ, 2025ರಲ್ಲಿ ಬಂದದ್ದು 'ಚಾಪ್ಟರ್ 1'. ಹಿಂದಿನ ಕಾಲಕ್ಕೆ ಹೋಗುವ ಕಥೆ ಆದ್ದರಿಂದ ಲೆಕ್ಕ ಸರಿಯಾಗಿಯೇ ಇದೆ. ಆದರೂ ಟಿವಿಯಲ್ಲಿ ಹುಡುಕುವ ನನ್ನಂಥವರು ಒಮ್ಮೆ ತಬ್ಬಿಬ್ಬಾಗುತ್ತೇವೆ.

ಕೇಳಿದ್ದೀರಿ ಅಂತ ಹೇಳುತ್ತೇನೆ, ಕೆ.ಜಿ.ಎಫ್‌ನಲ್ಲಿ ನನ್ನ ಮತ ಮೊದಲನೆಯದಕ್ಕೆ. ಅಲ್ಲಿ ರಾಕಿಯ ಕೈಯಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ಎಲ್ಲ ಇದೆ. ಏನೂ ಇಲ್ಲದವನು ಮೇಲೇರುವುದನ್ನು ನೋಡಲು ನಮಗೆ ಯಾವತ್ತೂ ಬೇಸರವಿಲ್ಲ. ಎಲ್ಲ ಇರುವವನು ಅದನ್ನು ಕಾಪಾಡಿಕೊಳ್ಳುವುದನ್ನು ತೋರಿಸಿ ನಮ್ಮನ್ನು ಕೂರಿಸುವುದು ಕಷ್ಟ. ಅದಕ್ಕೇ ಎರಡನೇ ಭಾಗ ಅಷ್ಟೊಂದು ಸದ್ದು ಮಾಡಬೇಕಾಯಿತು. ಕಲೆಕ್ಷನ್ ತೋರಿಸಿ ವಾದ ಮಾಡಬೇಡಿ. ಮೊದಲನೆಯದು ಸುಮಾರು 250 ಕೋಟಿ, 2022ರ ಎರಡನೆಯದು 1000 ಕೋಟಿ ದಾಟಿತು, ನಿಜ. ಆದರೆ ಮೊದಲ ದಿನ ಟಿಕೆಟ್ ತೆಗೆದುಕೊಂಡವರು ಯಾರೂ ಎರಡನೇ ಭಾಗ ನೋಡಿರಲಿಲ್ಲ. ಅವರು ನೋಡಿದ್ದು ಮೊದಲನೆಯದನ್ನು. ನಡುವಿನ ಮೂರೂವರೆ ವರ್ಷದಲ್ಲಿ ಟಿವಿಯಲ್ಲಿ, ಮೊಬೈಲ್‌ನಲ್ಲಿ ನೋಡಿದವರೂ ಆ ಸಾಲಿನಲ್ಲಿ ನಿಂತಿದ್ದರು. ಪಾರ್ಟ್ 2ರ ಓಪನಿಂಗ್ ಅನ್ನುವುದು ಪಾರ್ಟ್ 1ಕ್ಕೆ ತಡವಾಗಿ ಬಂದ ಸಂಬಳ.

ಈಗ ನಿಜವಾದ ಸೀಕ್ವೆಲ್‌ಗೆ ಬರೋಣ. ಮೊದಲ ಸಿನಿಮಾ ಮುಗಿದಿದೆ, ಜನ ಮನೆಗೆ ಹೋಗಿದ್ದಾರೆ. ಆಮೇಲೆ ಯಾರೋ ಬಾಗಿಲು ಮತ್ತೆ ತೆಗೆಯುತ್ತಾರೆ. ಅಂಥ ಸಿನಿಮಾ ಯಾವಾಗ ಗೆಲ್ಲುತ್ತದೆ?

ನಾನು ವರ್ಷಗಟ್ಟಲೆ ಎಡಿಟಿಂಗ್ ಟೇಬಲ್ ಮುಂದೆ ಕೂತವನು. ಪಾರ್ಟ್ 2 ಮಾಡುತ್ತೇವೆ ಅಂತ ಯಾರಾದರೂ ಬಂದರೆ ಒಂದೇ ಮಾತು ಕೇಳುತ್ತೇನೆ. ಮೊದಲ ಸಿನಿಮಾ ಮುಗಿಯುವಾಗ ಏನಾದರೂ ಬಾಕಿ ಉಳಿದಿತ್ತಾ? ಅಂಗಡಿ ಪುಸ್ತಕದಲ್ಲಿ ಇರುತ್ತಲ್ಲ, ಅಂಥ ಬಾಕಿ. ಒಬ್ಬ ನಿರ್ಮಾಪಕರು ಬಂದು ಟೈಟಲ್ ರಿಜಿಸ್ಟರ್ ಆಗಿದೆ, ಪೋಸ್ಟರ್ ರೆಡಿ ಇದೆ ಅಂದಿದ್ದರು. ಕಥೆ ಏನು ಅಂದೆ. 'ಅದು ಆಗುತ್ತೆ ಬಿಡಿ ಸಾರ್' ಅಂದರು. ಆ ಸಿನಿಮಾ ಕೊನೆಗೂ ಆಗಲಿಲ್ಲ. ಪೋಸ್ಟರ್ ಮಾತ್ರ ಬಹಳ ಚೆನ್ನಾಗಿತ್ತು.

ಬಾಕಿ ಅಂದರೆ ಏನು ಅಂತ 'ಜೋಗಿ' ಇಟ್ಟುಕೊಂಡು ಹೇಳುತ್ತೇನೆ. 2005ರ ಆ ಸಿನಿಮಾದ ಕೊನೆ ಯಾರಿಗೆ ಮರೆತಿದೆ? ಮಗನನ್ನು ಹುಡುಕಿಕೊಂಡು ಬಂದ ತಾಯಿ ನಗರದಲ್ಲಿ ಸಾಯುತ್ತಾಳೆ. ಅವಳ ಮೆರವಣಿಗೆಯ ಮುಂದೆ ಮಗನೇ ಕುಣಿಯುತ್ತಾನೆ, ಅದು ತನ್ನ ತಾಯಿ ಅಂತ ಗೊತ್ತಿಲ್ಲದೆ. ಆಮೇಲೆ ಗೊತ್ತಾಗುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ. ತಾಯಿ ಮಗನನ್ನು ಸೇರುತ್ತಾಳಾ ಅನ್ನುವುದೊಂದೇ ಆ ಕಥೆಯ ಉಸಿರು. ಅದಕ್ಕೆ ಅಷ್ಟು ಕಠೋರವಾದ ಉತ್ತರ ಸಿಕ್ಕಿದ ಮೇಲೆ ಹೇಳಲು ಇನ್ನೇನಿದೆ? 2011ರಲ್ಲಿ ಅದೇ ಪ್ರೇಮ್, ಅದೇ ಶಿವರಾಜ್‌ಕುಮಾರ್ ಸೇರಿ 'ಜೋಗಯ್ಯ' ಮಾಡಿದರು. ಶಿವಣ್ಣನ ನೂರನೇ ಸಿನಿಮಾ, ಸಂಭ್ರಮಕ್ಕೆ ಕಮ್ಮಿ ಇರಲಿಲ್ಲ. ಆದರೆ ಜೋಗಿ ಹತ್ತಿರಕ್ಕೂ ಅದು ಬರಲಿಲ್ಲ. ಕೆಲಸದಲ್ಲಿ ಕೊರತೆ ಹುಡುಕುವ ಮೊದಲು ಇದನ್ನು ನೋಡಿ. ಬಾಕಿಯೇ ಇಲ್ಲದ ಮನೆಗೆ ವಸೂಲಿಗೆ ಹೋದ ಹಾಗಾಗಿತ್ತು ಅದು.

'ಮುಂಗಾರು ಮಳೆ 2' ಬಗ್ಗೆ ಹೆಚ್ಚು ಹೇಳುವುದಿಲ್ಲ. 2006ರ ಸಿನಿಮಾದ ಹೆಸರು ಇತ್ತು, ಗಣೇಶ್ ಇದ್ದರು, ಮಳೆಯೂ ಇತ್ತು. ನಿರ್ದೇಶಕರು ಬೇರೆ, ಸಂಗೀತ ಬೇರೆ, ಕಥೆ ಬೇರೆ. 2016ರಲ್ಲಿ ಅದನ್ನು ಬೇರೆ ಹೆಸರಲ್ಲಿ ನೋಡಿದ್ದರೆ ಜನ ಇಷ್ಟು ಬೈಯುತ್ತಿರಲಿಲ್ಲ ಅನ್ನಿಸುತ್ತದೆ. ಹೆಸರೇ ಅದಕ್ಕೆ ಭಾರವಾಯಿತು.

ಈಗ ಬಾಕಿ ಉಳಿಸಿಕೊಂಡೇ ಮುಗಿದ ಒಂದು ಸಿನಿಮಾ ನೋಡಿ, 'ದೃಶ್ಯ'. ನೋಡಿಲ್ಲದವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ, ಆಮೇಲೆ ನನ್ನನ್ನು ಬೈಯಬೇಡಿ. ಮಲಯಾಳಂನಲ್ಲಿ ಜೀತು ಜೋಸೆಫ್ 2013ರಲ್ಲಿ ಮೋಹನ್‌ಲಾಲ್ ಅವರನ್ನಿಟ್ಟುಕೊಂಡು ಮಾಡಿದ ಕಥೆ ಇದು. ನಮ್ಮಲ್ಲಿ 2014ರಲ್ಲಿ ಪಿ. ವಾಸು, ರವಿಚಂದ್ರನ್. ಜಾಸ್ತಿ ಓದದ ಕೇಬಲ್ ಆಪರೇಟರ್ ಒಬ್ಬ, ಮನೆಯವರ ಕೈಯಿಂದ ಆದ ಕೊಲೆಯನ್ನು ಮುಚ್ಚಿಹಾಕುತ್ತಾನೆ. ಹೆಣ ಎಲ್ಲಿದೆ ಅನ್ನುವುದು ಕೊನೆಯ ಶಾಟ್‌ನಲ್ಲಿ ನಮಗೆ ಗೊತ್ತಾಗುತ್ತದೆ. ಹೊಸ ಪೊಲೀಸ್ ಸ್ಟೇಷನ್ನಿನ ನೆಲದ ಕೆಳಗೆ. ನಾವು ಚಪ್ಪಾಳೆ ಹೊಡೆದು ಎದ್ದು ಬಂದೆವು. ಆದರೆ ಆ ಮನೆಯವರು ಎದ್ದು ಬರುವ ಹಾಗಿಲ್ಲವಲ್ಲ. ಅವರು ಅದೇ ಊರಲ್ಲಿ, ಅದೇ ಸ್ಟೇಷನ್ ಮುಂದೆ ಓಡಾಡಿಕೊಂಡು ಬದುಕಬೇಕು. ಚಪ್ಪಾಳೆಯ ಸದ್ದಿನಲ್ಲಿ ನಾವು ಮರೆತ ಬಾಕಿ ಅದು.

2021ರ ಎರಡನೇ ಭಾಗ ಶುರುವಾಗುವುದು ಅಲ್ಲಿಂದಲೇ. ವರ್ಷಗಳು ಕಳೆದಿವೆ. ಅವನು ಈಗ ಥಿಯೇಟರ್ ಮಾಲೀಕ, ಸ್ವಂತ ಸಿನಿಮಾ ತೆಗೆಯುವ ಆಸೆ ಬೇರೆ. ಮೊದಲು ಅವನ ಪರವಾಗಿದ್ದ ಊರವರೇ ಈಗ ಹಿಂದಿನಿಂದ ಗುಸುಗುಸು ಮಾತಾಡುತ್ತಾರೆ. ಬಡವನಾಗಿದ್ದಾಗ ಇದ್ದ ಕನಿಕರ ದುಡ್ಡು ಬಂದ ಮೇಲೆ ಇರುವುದಿಲ್ಲ, ಇದು ನಮಗೆಲ್ಲ ಗೊತ್ತಿರುವುದೇ. ದೊಡ್ಡ ಮಗಳಿಗೆ ಫಿಟ್ಸ್, ಪೊಲೀಸ್ ಅಂದರೆ ಜೀವ ಬಾಯಿಗೆ ಬರುತ್ತದೆ. ಮೊದಲ ಒಂದು ಗಂಟೆ ಕಥೆ ಮುಂದೆ ಹೋಗುವುದೇ ಇಲ್ಲ ಅಂತ ಬಹಳ ಜನ ಗೊಣಗಿದರು. ನನಗೆ ಆ ಒಂದು ಗಂಟೆಯೇ ಇಷ್ಟ. ಗೆದ್ದವನ ಮನೆ ಹೇಗಿರುತ್ತದೆ ಅಂತ ತೋರಿಸಲು ಅಷ್ಟು ಹೊತ್ತು ಬೇಕು. ಕೊನೆಯಲ್ಲಿ ಬರುವ ಅಸ್ಥಿಪಂಜರದ ಚಮತ್ಕಾರ ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು. ಒಬ್ಬ ಮನುಷ್ಯ ಇಷ್ಟೆಲ್ಲ ಮುಂಚೆಯೇ ಲೆಕ್ಕ ಹಾಕಿರುತ್ತಾನೆ ಅಂತ ಒಪ್ಪಿಕೊಳ್ಳಲು ಮನಸ್ಸು ಹಿಂದೆ ಮುಂದೆ ನೋಡುತ್ತದೆ. ಗಡಿಯಾರದ ಹಾಗೆ ಟಿಕ್ ಟಿಕ್ ಅಂತ ನಡೆಯುವುದರಲ್ಲಿ ಮೊದಲನೆಯದೇ ಮೇಲು. ಭಯ ಅಂದರೆ ಏನು ಅಂತ ತೋರಿಸುವುದರಲ್ಲಿ ಎರಡನೆಯದು. ನನ್ನ ಅಂಕ ಇಬ್ಬರಿಗೂ ಸಮ.

ಅದೇ ಪಿ. ವಾಸು ಅವರ ಇನ್ನೊಂದು ಜೋಡಿ ನಮ್ಮ ಕನ್ನಡದ್ದೇ ವಿಶೇಷ. 2004ರ 'ಆಪ್ತಮಿತ್ರ', 2010ರ 'ಆಪ್ತರಕ್ಷಕ'. ಆಪ್ತಮಿತ್ರದ ಮೂಲ 1993ರ ಮಲಯಾಳಂ ಸಿನಿಮಾ 'ಮಣಿಚಿತ್ರತಾಳ್'. ಅದರ ಬೆನ್ನೆಲುಬು ಒಂದೇ ಮಾತು: ಇದು ದೆವ್ವ ಅಲ್ಲ, ಮನಸ್ಸಿನ ಕಾಯಿಲೆ. ನಾಗವಲ್ಲಿ ಗೋಡೆಯ ಮೇಲಿನ ಚಿತ್ರದಲ್ಲಿಲ್ಲ, ಗಂಗಾಳ ತಲೆಯೊಳಗೆ ಇದ್ದಾಳೆ. ದೆವ್ವದ ಕಥೆಗೆ ಅಂತ ಬಂದ ನಮಗೆ ಆ ತಿರುವು ಹೊಸದಾಗಿತ್ತು. ಎರಡನೇ ಭಾಗದಲ್ಲಿ ಆ ಬೆನ್ನೆಲುಬು ಸಡಿಲವಾಯಿತು. ನಾಗವಲ್ಲಿಯ ಚಿತ್ರ ಊರೂರು ತಿರುಗುತ್ತದೆ, ಅದು ಹೋದ ಮನೆಗೆಲ್ಲ ಕೇಡು. ಕಥೆಯ ಮಟ್ಟಿಗೆ ಮೊದಲನೆಯದೇ ಗೆದ್ದಿತು, ಅನುಮಾನವಿಲ್ಲ. ಆದರೆ ರಾಜ ವಿಜಯ ರಾಜೇಂದ್ರ ಬಹದ್ದೂರ್ ಅನ್ನುವ ಪಾತ್ರಕ್ಕೆ ಎರಡನೆಯದರಲ್ಲಿ ಸಿಕ್ಕ ಜಾಗ, ಅದನ್ನು ವಿಷ್ಣುವರ್ಧನ್ ತುಂಬಿದ ರೀತಿ, ಅದು ಮೊದಲನೆಯದರಲ್ಲಿ ಇಲ್ಲ.

ಇಲ್ಲಿ ಇನ್ನೊಂದು ವಿಷಯವೂ ಇದೆ, ಅದು ಪರದೆಯ ಆಚೆಯದು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಹೋದರು. ಆಪ್ತರಕ್ಷಕ ತೆರೆಗೆ ಬಂದದ್ದು ಫೆಬ್ರವರಿಯಲ್ಲಿ. ಅವರ 200ನೇ ಸಿನಿಮಾ. ಥಿಯೇಟರಿಗೆ ಹೋದವರಲ್ಲಿ ಎಷ್ಟು ಜನ ಸೀಕ್ವೆಲ್ ನೋಡಲು ಹೋಗಿದ್ದರು, ಎಷ್ಟು ಜನ ಯಜಮಾನರನ್ನು ಕೊನೆಯ ಸಲ ನೋಡಲು ಹೋಗಿದ್ದರು? ಬೇರ್ಪಡಿಸಲು ಆಗುವುದಿಲ್ಲ. ಆಪ್ತಮಿತ್ರಕ್ಕೂ ಹೀಗೇ ಆಗಿತ್ತು. ಗಂಗಾ ಆಗಿ ನಟಿಸಿದ್ದ ಸೌಂದರ್ಯ 2004ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಸಿನಿಮಾ ಬಂದದ್ದು ಆಗಸ್ಟ್‌ನಲ್ಲಿ. ಎರಡೂ ಭಾಗ ನೋಡುವಾಗ ಪರದೆಯ ಮೇಲೆ ಇಲ್ಲದವರೊಬ್ಬರು ಇದ್ದರು. ಇಂಥವುಗಳಿಗೆ ಅಂಕ ಹಾಕಲು ನನಗೆ ಕೈ ಬರುವುದಿಲ್ಲ.

ಅಂದಹಾಗೆ, ಒಂದೇ ಹೀರೋವನ್ನು ಮತ್ತೆ ಮತ್ತೆ ತರುವುದು ಕನ್ನಡಕ್ಕೆ ಈಚೆಗೆ ಬಂದ ಚಾಳಿ ಅಲ್ಲ. ದೊರೆ–ಭಗವಾನ್ ಅವರು ರಾಜ್‌ಕುಮಾರ್ ಅವರನ್ನು ಪತ್ತೇದಾರ ಮಾಡಿ 1968ರಲ್ಲೇ 'ಜೇಡರ ಬಲೆ' ತಂದರು. ಅದೇ ವರ್ಷ ಗೋವಾದಲ್ಲಿ ಸಿ.ಐ.ಡಿ. 999, ಮರುವರ್ಷ ಆಪರೇಷನ್ ಜಾಕ್‌ಪಾಟ್, 1978ರಲ್ಲಿ ಆಪರೇಷನ್ ಡೈಮಂಡ್ ರ‍್ಯಾಕೆಟ್. ಒಂದರ ಕಥೆಗೂ ಇನ್ನೊಂದಕ್ಕೂ ನಂಟಿಲ್ಲ. ಆಗ ನಂಬರ್ ಇದ್ದದ್ದು ಹೀರೋಗೆ, ಸಿನಿಮಾಕ್ಕಲ್ಲ.

ಸರಿ, ಮೀರಿಸಿದ ಸೀಕ್ವೆಲ್ ಯಾವುದು ಅಂತ ಕೇಳಿದಿರಲ್ಲ. ನನ್ನ ಮೊದಲ ಉತ್ತರ ಹಳೆಯದೇ: 1974ರ 'ಗಾಡ್‌ಫಾದರ್ ಪಾರ್ಟ್ 2'.

ಅಮೆರಿಕದ ಒಂದು ಮಾಫಿಯಾ ಮನೆತನದ ಕಥೆ ಹೇಳಿದ 1972ರ ಗಾಡ್‌ಫಾದರ್ ಆಗಲೇ ದೊಡ್ಡ ಸಿನಿಮಾ. ನಿರ್ದೇಶಕ ಕೊಪ್ಪೊಲಾಗೆ ಮತ್ತೆ ಅದಕ್ಕೆ ಕೈಹಾಕುವ ಮನಸ್ಸೇ ಇರಲಿಲ್ಲ. ಇನ್ನೊಬ್ಬ ನಿರ್ದೇಶಕ ಸ್ಕಾರ್ಸೆಸಿ ಅವರಿಂದ ಮಾಡಿಸಿ ಅಂದಿದ್ದರು, ಸ್ಟುಡಿಯೋ ಒಪ್ಪಲಿಲ್ಲ. ಕೊನೆಗೆ ತಾವೇ ಮಾಡುತ್ತೇನೆ ಅಂದಾಗ ಹೆಸರಿನ ಮೇಲೆ ತಕರಾರು. 'ಪಾರ್ಟ್ 2' ಅಂತ ಇಟ್ಟರೆ, ನೋಡಿದ ಕಥೆಗೇ ಬಾಲ ಸೇರಿಸಿದ್ದಾರೆ ಅಂದುಕೊಂಡು ಜನ ಬರಲಿಕ್ಕಿಲ್ಲ ಅಂತ ಸ್ಟುಡಿಯೋಗೆ ಹೆದರಿಕೆ. ಇವತ್ತು ಕಥೆ ಇಲ್ಲದಿದ್ದರೂ ಪಾರ್ಟ್ 2 ಅನ್ನುತ್ತಾರೆ, ಅವತ್ತು ಕಥೆ ಇದ್ದರೂ ಹೆದರುತ್ತಿದ್ದರು.

ಮೊದಲ ಸಿನಿಮಾದ ಕೊನೆಯ ಶಾಟ್ ನೆನಪಿಸಿಕೊಳ್ಳಿ. ಅಪ್ಪನ ಜಾಗಕ್ಕೆ ಬಂದ ಮಗ ಮೈಕೆಲ್ ಹೆಂಡತಿಗೆ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ದಾನೆ. ಅವಳ ಮುಖದ ಮೇಲೆ ಬಾಗಿಲು ಮುಚ್ಚುತ್ತದೆ. ಅವನು ಗೆದ್ದ. ಬಾಕಿ ಎಲ್ಲಿದೆ? ಆ ಬಾಗಿಲಿನಲ್ಲೇ ಇದೆ. ಮನೆಯವರನ್ನು ಕಾಪಾಡುತ್ತೇನೆ ಅಂತ ಹೊರಟವನು ಮನೆಯವರ ಮೇಲೇ ಬಾಗಿಲು ಹಾಕಿದ. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದನ್ನು ಎರಡನೇ ಭಾಗ ಹೇಳುತ್ತದೆ. ಅದರ ಜೊತೆಗೆ ಅಪ್ಪ ವಿಟೋನ ಎಳೆಯ ದಿನಗಳ ಕಥೆಯನ್ನೂ ಹೆಣೆಯುತ್ತದೆ. ಅದು ಮಾರಿಯೋ ಪೂಜೋ ಬರೆದ ಕಾದಂಬರಿಯಲ್ಲಿ ಇತ್ತು, ಮೊದಲ ಸಿನಿಮಾದಲ್ಲಿ ಬಳಸದೆ ಉಳಿದಿತ್ತು. ಅಪ್ಪ ಏನೂ ಇಲ್ಲದೆ ಬಂದು ಒಂದು ಮನೆ ಕಟ್ಟುತ್ತಾನೆ. ಮಗ ಎಲ್ಲ ಇದ್ದೂ ಅದೇ ಮನೆಯನ್ನು ಒಬ್ಬೊಬ್ಬರನ್ನಾಗಿ ಕಳೆದುಕೊಳ್ಳುತ್ತಾನೆ. ಒಂದು ದೃಶ್ಯ ಅಪ್ಪನದು, ಮುಂದಿನದು ಮಗನದು. ಎರಡನ್ನೂ ಪಕ್ಕಪಕ್ಕ ಇಟ್ಟದ್ದಕ್ಕೇ ಆ ನೋವು ಹುಟ್ಟುತ್ತದೆ. ಒಂದೊಂದನ್ನೇ ನೋಡಿದರೆ ಅಷ್ಟಿಲ್ಲ.

ಇದರ ಕೊನೆಯ ಹತ್ತಿರ ಒಂದು ಹಳೆಯ ನೆನಪಿನ ದೃಶ್ಯ ಬರುತ್ತದೆ. 1941ರ ಡಿಸೆಂಬರ್, ಅಪ್ಪನ ಹುಟ್ಟುಹಬ್ಬ, ಊಟದ ಮೇಜು, ಅಣ್ಣತಮ್ಮಂದಿರೆಲ್ಲ ಇದ್ದಾರೆ. ಮೊದಲ ಸಿನಿಮಾದಲ್ಲಿ ಅಪ್ಪನಾಗಿದ್ದ ಮಾರ್ಲನ್ ಬ್ರಾಂಡೋ ಬಂದು ನಟಿಸಬೇಕಿತ್ತು, ಶೂಟಿಂಗ್ ದಿನ ಬರಲಿಲ್ಲ. ಹಾಗಾಗಿ ಅಪ್ಪ ಬಂದ ಅಂತ ಎಲ್ಲರೂ ಎದ್ದು ಬಾಗಿಲ ಕಡೆ ಓಡುತ್ತಾರೆ, ಸದ್ದು ಮಾತ್ರ ಕೇಳಿಸುತ್ತದೆ. ಮೇಜಿನ ಮುಂದೆ ಮೈಕೆಲ್ ಒಬ್ಬನೇ ಕೂತಿರುತ್ತಾನೆ. ಬ್ರಾಂಡೋ ಬಂದಿದ್ದರೆ ನಮ್ಮ ಕಣ್ಣೆಲ್ಲ ಅವರ ಮೇಲೇ ಇರುತ್ತಿತ್ತು. ಬರದೆ ಇದ್ದದ್ದೇ ಒಳ್ಳೆಯದಾಯಿತು. ಎಡಿಟರ್‌ಗಳು ಇಂಥ ಅದೃಷ್ಟಕ್ಕೆ ಕಾಯುತ್ತಾ ಕೂತಿರುತ್ತೇವೆ.

ಮೊದಲನೆಯದಕ್ಕೆ ಮೂರು ಆಸ್ಕರ್, ಎರಡನೆಯದಕ್ಕೆ ಆರು. ಅತ್ಯುತ್ತಮ ಚಿತ್ರ ಅನ್ನಿಸಿಕೊಂಡ ಮೊದಲ ಸೀಕ್ವೆಲ್ ಅದು. ವಿಟೋ ಪಾತ್ರಕ್ಕೆ ಮೊದಲ ಸಲ ಬ್ರಾಂಡೋಗೆ, ಎರಡನೇ ಸಲ ರಾಬರ್ಟ್ ಡಿ ನಿರೋಗೆ ಆಸ್ಕರ್ ಬಂತು. 1990ರ ಮೂರನೇ ಭಾಗದ ಮಾತು ಈಗ ಬೇಡ, ನಿಮ್ಮ ತಮ್ಮನ ಕೈ ಮೇಲಾಗುತ್ತದೆ.

ನಮ್ಮ ದೇಶದ ಉತ್ತರ ಇನ್ನೂ ಹಿಂದಿನದು. ಸತ್ಯಜಿತ್ ರಾಯ್ 1955ರಲ್ಲಿ 'ಪಥೇರ್ ಪಾಂಚಾಲಿ' ಮುಗಿಸಿದಾಗ ಮುಂದಿನ ಭಾಗದ ಯೋಚನೆ ಇರಲಿಲ್ಲ. ಮಗಳನ್ನು ಕಳೆದುಕೊಂಡ ಮನೆಯವರು ಎತ್ತಿನ ಗಾಡಿಯಲ್ಲಿ ಊರು ಬಿಡುತ್ತಾರೆ, ಖಾಲಿ ಮನೆಗೆ ಹಾವು ನುಗ್ಗುತ್ತದೆ, ಮುಗಿಯಿತು. ಮರುವರ್ಷ ಬಂದ 'ಅಪರಾಜಿತೋ' ಆ ಗಾಡಿ ಎಲ್ಲಿಗೆ ಹೋಯಿತು ಅಂತ ಹೇಳುತ್ತದೆ. ಕಾಶಿಯಲ್ಲಿ ಅಪ್ಪ ಸಾಯುತ್ತಾನೆ. ಮಗ ಅಪು ಓದಿ ಜಾಣನಾಗುತ್ತಾನೆ, ಕಾಲೇಜಿಗೆ ಕಲ್ಕತ್ತೆಗೆ ಹೋಗುತ್ತಾನೆ. ಹಳ್ಳಿಯಲ್ಲಿ ತಾಯಿ ಒಬ್ಬಳೇ ಕಾಯುತ್ತಾಳೆ. ಮಗನಿಗೆ ರಜೆಯಲ್ಲೂ ಊರಿಗೆ ಬರಲು ಅಷ್ಟೇನೂ ಮನಸ್ಸಿಲ್ಲ. ಮಿಂಚುಹುಳ ಮಿನುಗುವ ಕತ್ತಲಲ್ಲಿ ಅವಳು ಕೂತಿರುವ ದೃಶ್ಯ ನೋಡಿದ ಮೇಲೆ, ಹಾಸ್ಟೆಲ್‌ನಲ್ಲಿ ಓದಿದ ಯಾವ ಹುಡುಗನಿಗೂ ಅವತ್ತು ಸರಿಯಾಗಿ ನಿದ್ದೆ ಬರುವುದಿಲ್ಲ. ನನಗಂತೂ ಬರಲಿಲ್ಲ. ಬಂಗಾಳದಲ್ಲಿ ಅದು ಓಡಲಿಲ್ಲ. ತಾಯಿಯಿಂದ ಬಿಡಿಸಿಕೊಂಡು ಹೋಗುವ ಮಗನನ್ನು ಜನ ಒಪ್ಪಲಿಲ್ಲ. 1957ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೇ ಗೋಲ್ಡನ್ ಲಯನ್ ಬಂತು. ಪಥೇರ್ ಪಾಂಚಾಲಿ ಹೆಚ್ಚು ಚೆಲುವಾದ ಸಿನಿಮಾ. ಅಪರಾಜಿತೋ ಹೆಚ್ಚು ಧೈರ್ಯದ ಸಿನಿಮಾ. ನನಗೆ ಎರಡನೆಯದು ಬೇಕು.

ಒಂದು ಅನುಕೂಲವೂ ಎರಡನೇ ಭಾಗಕ್ಕಿದೆ. ಪಾತ್ರ ಪರಿಚಯಿಸುವ ಕೆಲಸ ಆಗಿಹೋಗಿದೆ, ಅರ್ಧ ಗಂಟೆ ಉಳಿತಾಯ. ಬಹಳ ಜನ ಆ ಅರ್ಧ ಗಂಟೆಯನ್ನು ಹೀರೋ ಎಂಟ್ರಿಯ ಬಿಲ್ಡಪ್‌ಗೆ ಸುಮ್ನೆ ಸುರಿದುಬಿಡುತ್ತಾರೆ. ಜೇಮ್ಸ್ ಕ್ಯಾಮರೂನ್ ಹಾಗೆ ಮಾಡಲಿಲ್ಲ. 1984ರ 'ಟರ್ಮಿನೇಟರ್'ನಲ್ಲಿ ಹೋಟೆಲಿನಲ್ಲಿ ತಿಂಡಿ ತಂದುಕೊಡುತ್ತಿದ್ದ ಹೆದರುಪುಕ್ಕಲ ಹುಡುಗಿ ಸಾರಾ, 1991ರ ಎರಡನೇ ಭಾಗದಲ್ಲಿ ಹುಚ್ಚಾಸ್ಪತ್ರೆಯಲ್ಲಿ ಕಸರತ್ತು ಮಾಡುತ್ತಿರುತ್ತಾಳೆ. ಮುಂದೆ ಏನಾಗುತ್ತದೆ ಅಂತ ಗೊತ್ತಿರುವವಳ ಮಾತನ್ನು ಯಾರು ನಂಬುತ್ತಾರೆ? ಮೊದಲ ಸಿನಿಮಾ ಅವಳಿಗೆ ಮಾಡಿಟ್ಟ ಗಾಯ ಅದು. ಅಲ್ಲಿ ಅವಳನ್ನು ಕೊಲ್ಲಲು ಭವಿಷ್ಯದಿಂದ ಬಂದಿದ್ದ ಯಂತ್ರದ ಮುಖವೇ ಈಗ ಕಾಯಲು ಬರುತ್ತದೆ. ನಿಮ್ಮ ತಮ್ಮನಿಗೆ ಒಂದೇ ಒಂದು ಸಾಕ್ಷಿ ತೋರಿಸಬೇಕು ಅಂದರೆ ಇದನ್ನೇ ತೋರಿಸಿ, ಬೇಗ ಒಪ್ಪುತ್ತಾರೆ.

ನನ್ನ ಬಾಕಿಯ ಲೆಕ್ಕಕ್ಕೆ ಸಿಗದ ಸಿನಿಮಾವೂ ಒಂದಿದೆ, 2006ರ 'ಲಗೇ ರಹೋ ಮುನ್ನಾಭಾಯಿ'. 2003ರ ಮೊದಲ ಭಾಗದ ಆಸ್ಪತ್ರೆ, ಡಾಕ್ಟರ್ ಓದು, ಹುಡುಗಿ, ಎಲ್ಲವನ್ನೂ ರಾಜ್‌ಕುಮಾರ್ ಹಿರಾನಿ ಮರೆತೇಬಿಟ್ಟರು. ಬೊಮನ್ ಇರಾನಿಯಂಥವರು ಅದೇ ಮುಖದಲ್ಲಿ ಬೇರೆ ಪಾತ್ರವಾಗಿ ಬಂದರು. ಉಳಿಸಿಕೊಂಡದ್ದು ರೌಡಿ ಮುನ್ನಾ, ಅವನ ಜೊತೆಗಾರ ಸರ್ಕಿಟ್ ಇಬ್ಬರನ್ನು ಮಾತ್ರ. ಆಮೇಲೆ ರೌಡಿಯ ಪಕ್ಕದಲ್ಲಿ ಗಾಂಧೀಜಿಯನ್ನು ತಂದು ನಿಲ್ಲಿಸಿದರು. ಮೊದಲನೆಯದರ ನೆರಳೇ ಇಲ್ಲದ ಕಥೆ. ನನ್ನ ಪ್ರಕಾರ ಮೊದಲನೆಯದಕ್ಕಿಂತ ಒಂದು ಕೈ ಮೇಲು.

ಕೊನೆಗೆ ನಿಮ್ಮ ಎರಡನೇ ಪ್ರಶ್ನೆ. ಲಗೇ ರಹೋ ನೇರವಾಗಿ ನೋಡಬಹುದು, ಏನೂ ತಪ್ಪುವುದಿಲ್ಲ. ಟರ್ಮಿನೇಟರ್ 2 ಕೂಡ ಪರವಾಗಿಲ್ಲ. ದೃಶ್ಯ 2 ಖಂಡಿತ ಬೇಡ, ಮೊದಲನೆಯದು ನೋಡದಿದ್ದರೆ ಆ ಮನೆಯವರು ಯಾಕೆ ಬಾಗಿಲು ತಟ್ಟಿದ ಸದ್ದಿಗೇ ಬೆಚ್ಚುತ್ತಾರೆ ಅಂತಲೇ ತಿಳಿಯುವುದಿಲ್ಲ. ಅಪರಾಜಿತೋ ಬಿಡಿಯಾಗಿ ನಿಲ್ಲುತ್ತದೆ, ಆದರೆ ಆ ತಾಯಿಯ ಹಿಂದಿನ ಕಷ್ಟ ಗೊತ್ತಿದ್ದರೆ ಇನ್ನೂ ಆಳಕ್ಕೆ ಇಳಿಯುತ್ತದೆ.

ಗಾಡ್‌ಫಾದರ್ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. 1977ರಲ್ಲಿ ಅಮೆರಿಕದ ಟಿವಿಗಾಗಿ ಎರಡೂ ಭಾಗವನ್ನು ಬಿಚ್ಚಿ, ಅಪ್ಪನ ಬಾಲ್ಯದಿಂದ ಹಿಡಿದು ಕಾಲದ ಲೆಕ್ಕದಲ್ಲಿ ಮತ್ತೆ ಜೋಡಿಸಿದ್ದರು. ಕಥೆ ಸಲೀಸಾಗಿ ಅರ್ಥವಾಗುತ್ತದೆ, ನಿಜ. ಆದರೆ ಅಪ್ಪನ ಪಾಲು ಮೊದಲೇ ಮುಗಿದುಹೋಗಿರುತ್ತದೆ. ಮಗ ಕೊನೆಗೆ ಒಬ್ಬನೇ ಕೂತಾಗ ಪಕ್ಕದಲ್ಲಿಟ್ಟು ನೋಡಲು ಅಪ್ಪನ ದೃಶ್ಯ ಇರುವುದಿಲ್ಲ. ಅದು ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಟ್ಟುಬಿಡಿ. 1972ರದನ್ನು ಒಂದು ಶನಿವಾರ ನೋಡಿ, 1974ರದನ್ನು ಮರುದಿನ. ಎರಡನೆಯದು ಮೂರು ಗಂಟೆ ಇಪ್ಪತ್ತು ನಿಮಿಷ ಇದೆ, ಊಟ ಮೊದಲೇ ಮುಗಿಸಿಕೊಂಡು ಕೂತುಕೊಳ್ಳಿ.